ಅತ್ತೆ ತಡೆದು ನಿಲ್ಲಿಸಿದ ಹೇಸ್ಟಿಂಗ್ಸ್ ಕದನ

ಇಂಗ್ಲೆಂಡಿನ ಒಂದು ರಾಜವಂಶವನ್ನು ನಮ್ಮ ಅತ್ತೆಯವರು ಸುಮಾರು ಅರ್ಧ ಗಂಟೆ ಉಳಿಸಿಕೊಟ್ಟಿದ್ದರು. ಮೈಸೂರಿನಲ್ಲಿ ಈ ಮಾತು ಹೇಳಿದರೆ ಯಾರೂ ನಂಬುವುದಿಲ್ಲ. ಅಡಿಲೇಡ್‌ನಲ್ಲಿ ಹೇಳಿದರೆ ನಂಬುತ್ತಾರೆ. ಆ ದಿನ ಗುಡ್ಡದ ಮೇಲಿದ್ದವರಲ್ಲಿ ಮುಕ್ಕಾಲು ಪಾಲು ಜನ ಅವರ ಕೈಲಿ ಬೈಸಿಕೊಂಡವರೇ.

ಮೊದಲಿನಿಂದ ಹೇಳುತ್ತೇನೆ. ನಾವು ಆರು ವರ್ಷ ಬ್ರಿಸ್ಬೇನ್‌ನಲ್ಲಿ, ಇಂಡೂರೂಪಿಲ್ಲಿಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮಳೆನೀರಿನ ಚರಂಡಿಗಳ ನಕ್ಷೆ ಮಾಡುವುದು ನನ್ನ ಕೆಲಸ. ಬ್ರಿಸ್ಬೇನ್‌ನಲ್ಲಿ ಮಳೆ ಜಾಸ್ತಿ, ಹಾಗಾಗಿ ನನಗೆ ಮರ್ಯಾದೆಯೂ ಜಾಸ್ತಿ. ಆಮೇಲೆ ಏನು ಬುದ್ಧಿ ಬಂತೋ, ದೊಡ್ಡ ಹುದ್ದೆ ಎಂದು ಅಡಿಲೇಡ್‌ಗೆ ಬಂದೆ. ಇಲ್ಲಿ ಮಳೆ ನೆಂಟರ ಹಾಗೆ, ಬಂದರೆ ಬಂತು. "ಬರದಿರೋ ಮಳೆಗೆ ಮೋರಿ ತೋಡೋರು" ಎಂದು ನನ್ನ ಹೆಂಡತಿ ನನ್ನನ್ನು ಎಲ್ಲರಿಗೂ ಪರಿಚಯ ಮಾಡಿಕೊಡುತ್ತಾಳೆ.

ಮನೆ ಮಾಡ್ಬರಿ ಎಂಬ ಬಡಾವಣೆಯಲ್ಲಿ ಸಿಕ್ಕಿತು. ಹೆಂಡತಿಗೆ ಲ್ಯಾಬ್ ಒಂದರಲ್ಲಿ ಕೆಲಸವೂ ಸಿಕ್ಕಿತು. ಕಷ್ಟವಾದದ್ದು ಹನ್ನೆರಡು ವರ್ಷದ ಮಗಳಿಗೆ. ಗೆಳತಿಯರೆಲ್ಲ ಬ್ರಿಸ್ಬೇನ್‌ನಲ್ಲೇ ಉಳಿದುಬಿಟ್ಟರು. ಹೊಸ ಶಾಲೆಯಲ್ಲಿ ಅವಳು ಊಟದ ಡಬ್ಬಿ ಹಿಡಿದುಕೊಂಡು ಯಾರ ಪಕ್ಕ ಕೂರಬೇಕೆಂದು ತಿಳಿಯದೆ ಗ್ರೌಂಡನ್ನು ಎರಡು ಸುತ್ತು ಹಾಕಿ, ಬೆಲ್ ಹೊಡೆದ ಮೇಲೆ ಡಬ್ಬಿಯನ್ನು ಹಾಗೇ ಮನೆಗೆ ತರುತ್ತಿದ್ದಳು. ಒಂದು ವಾರ ನಾವು ಉಪ್ಪಿಟ್ಟಿನ ಮೇಲೆ ತಪ್ಪು ಹೊರಿಸಿದೆವು. ಆಮೇಲೆ ವಿಷಯ ಗೊತ್ತಾಯಿತು.

ಅವಳನ್ನು ಶನಿವಾರ ಲೈಬ್ರರಿಗೆ ಕರೆದುಕೊಂಡು ಹೋಗತೊಡಗಿದೆ. ಅಲ್ಲಿಯ ನೋಟಿಸ್ ಬೋರ್ಡಿನಲ್ಲಿ, ಬೆಕ್ಕು ಕಳೆದುಹೋಗಿದೆ ಎನ್ನುವ ಚೀಟಿಯ ಪಕ್ಕದಲ್ಲಿ, ಇನ್ನೊಂದು ಚೀಟಿ ಇತ್ತು: 'ಸಾವಿರದ ಅರವತ್ತಾರನೇ ಇಸವಿಗೆ ಜನ ಬೇಕಾಗಿದ್ದಾರೆ. ಅನುಭವ ಬೇಕಿಲ್ಲ.'

ಅದೊಂದು ಹವ್ಯಾಸಿಗಳ ಗುಂಪು. ಹೇಸ್ಟಿಂಗ್ಸ್ ಎಂಬ ಊರಿನ ಹತ್ತಿರ ನಡೆದ ಹಳೆಯ ಯುದ್ಧವನ್ನು ಅವರು ಪ್ರತಿ ಅಕ್ಟೋಬರ್‌ನಲ್ಲಿ ಬೆಟ್ಟದ ತಪ್ಪಲಿನ ಕುರಿ ಮೇಯುವ ಬಯಲಿನಲ್ಲಿ ಮತ್ತೆ ಆಡುತ್ತಿದ್ದರು. ಯುದ್ಧದ ಕಥೆ ಇಷ್ಟು. ಇಂಗ್ಲೆಂಡಿನ ಸ್ಯಾಕ್ಸನ್ ರಾಜ ಒಂದು ದಿಣ್ಣೆಯ ಮೇಲೆ ನಿಂತಿದ್ದಾನೆ. ಅವನ ಸೈನಿಕರು ಗುರಾಣಿಗೆ ಗುರಾಣಿ ತಾಗಿಸಿ ಗೋಡೆ ಕಟ್ಟಿದ್ದಾರೆ. ಸಮುದ್ರದಾಚೆಯ ನಾರ್ಮಂಡಿಯಿಂದ ಬಂದ ಡ್ಯೂಕ್ ಕೆಳಗಿನಿಂದ ಹತ್ತಿ ಹತ್ತಿ ಹೊಡೆದರೂ ಗೋಡೆ ಬೀಳುವುದಿಲ್ಲ. ಆಗ ನಾರ್ಮನ್ನರು ಸೋತವರಂತೆ ಓಡುವ ನಾಟಕ ಮಾಡುತ್ತಾರೆ. ಗೆದ್ದೆವೆಂದು ಸ್ಯಾಕ್ಸನ್ನರು ಗೋಡೆ ಬಿಟ್ಟು ಅಟ್ಟಿಸಿಕೊಂಡು ಹೋಗುತ್ತಾರೆ. ನಾರ್ಮನ್ನರು ಗಕ್ಕನೆ ತಿರುಗಿ ಕಡಿದುಹಾಕುತ್ತಾರೆ. ರಾಜನ ಕಣ್ಣಿಗೆ ಬಾಣ ತಾಗಿ ಅವನು ಸತ್ತನೆಂದು ಹೇಳುತ್ತಾರೆ. ಅಲ್ಲಿಗೆ ಹಳೆಯ ರಾಜರ ಕಾಲ ಮುಗಿದು ಡ್ಯೂಕನ ವಂಶ ಶುರುವಾಯಿತು.

ಮಗಳನ್ನು ನಾರ್ಮನ್ ಬಿಲ್ಲುಗಾರರ ಗುಂಪಿಗೆ ಸೇರಿಸಿಕೊಂಡರು. ಬಾಣದ ತುದಿಯಲ್ಲಿ ಲೋಹದ ಬದಲು ಸ್ಪಂಜಿನ ಉಂಡೆ. ಅವಳ ಪಕ್ಕದಲ್ಲಿ ಇನ್ನೊಬ್ಬಳು ಹುಡುಗಿ, ಹಲ್ಲಿಗೆ ಕ್ಲಿಪ್ ಹಾಕಿಕೊಂಡವಳು, ನಿಲ್ಲುತ್ತಿದ್ದಳು. ಎರಡನೇ ವಾರಕ್ಕೆ ಇಬ್ಬರೂ ಸೇರಿ ನಗುತ್ತಿದ್ದರು. ನಾನು ಕಾರಿನಲ್ಲಿ ಕರೆತಂದು ಬೇಲಿಗೊರಗಿ ನಿಲ್ಲುತ್ತಿದ್ದೆ. ಮೂರನೇ ವಾರ ಗುಂಪಿನ ಅಧ್ಯಕ್ಷೆ, ನಿವೃತ್ತ ಲೈಬ್ರರಿಯನ್, ನನ್ನ ಹತ್ತಿರ ಬಂದು, ಹೇಗೂ ನಿಂತೇ ಇದ್ದೀರಲ್ಲ, ಇದನ್ನು ಹಿಡಿದುಕೊಂಡು ನಿಂತುಕೊಳ್ಳಿ ಎಂದು ಪ್ಲೈವುಡ್ಡಿನ ಒಂದು ಗುರಾಣಿ ಕೊಟ್ಟರು. ಹೀಗೆ ನಾನು ಸ್ಯಾಕ್ಸನ್ ಆದೆ. ಮಗಳು ಒಂದು ಕಡೆ, ಅಪ್ಪ ಇನ್ನೊಂದು ಕಡೆ.

ನಮ್ಮ ರಾಜ ಮಂಗಳೂರಿನ ಕಡೆಯವರೇ ಆಗಿದ್ದದ್ದು ನನ್ನ ಭಾಗ್ಯ. ಅರವತ್ತೆಂಟು ವರ್ಷದ ಕ್ಯಾಥೋಲಿಕ್ ಅಂಕಲ್, ಬಹ್ರೇನ್‌ನಲ್ಲಿ ಬಹಳ ಕಾಲ ಲಿಫ್ಟ್ ಮೆಕ್ಯಾನಿಕ್ ಆಗಿದ್ದು, ಈಗ ಮಗಳ ಮನೆಯಲ್ಲಿ ಇರುವವರು. ಬಿಳಿ ಗಡ್ಡ, ತುಂಬು ಹೊಟ್ಟೆ, ಗುಡುಗಿನ ದನಿ. ಚಿಕ್ಕಂದಿನಲ್ಲಿ ಊರಿನ ಇಗರ್ಜಿಯ ನಾಟಕಗಳಲ್ಲಿ ರಾಜನ ಪಾತ್ರ ಮಾಡಿ ಅಭ್ಯಾಸ.

"ನಾನು ರಾಜ ಆದದ್ದು ಸಾಯ್ಲಿಕ್ಕೆ ಮಾರಾಯ್ರೆ" ಎಂದು ಮೊದಲ ದಿನವೇ ಹೇಳಿದ್ದರು. "ಬದುಕಿರುವ ಪಾರ್ಟಿನಲ್ಲಿ ಎಂಥ ಉಂಟು? ನಿಲ್ಲುದು. ಸಾಯುವ ಪಾರ್ಟು ನೋಡಿ, ಅದು ಗಮ್ಮತ್ತು."

ಪ್ರತಿ ವರ್ಷ ಅವರು ಸಾಯಲು ಐದಾರು ನಿಮಿಷ ತೆಗೆದುಕೊಳ್ಳುತ್ತಾರಂತೆ. ಕಣ್ಣಿಗೆ ಸಿಕ್ಕಿಸಿಕೊಳ್ಳಲು ಅರ್ಧ ಬಾಣವೊಂದನ್ನು ಅವರೇ ತಯಾರಿಸಿಕೊಂಡಿದ್ದರು. ಶಿರಸ್ತ್ರಾಣದ ಅಂಚಿಗೆ ಬಟ್ಟೆಯ ಕ್ಲಿಪ್ಪಿನಿಂದ ಹಾಕಿದರೆ ಅಲ್ಲಾಡದೆ ನಿಲ್ಲುತ್ತಿತ್ತು.

ಜುಲೈನಲ್ಲಿ ಅತ್ತೆ ಬಂದರು. ಪರ್ತ್‌ನಲ್ಲಿರುವ ಎರಡನೇ ಮಗಳ ಮನೆಗೆ ಮೊದಲು ಹೋಗಿ, ಅಲ್ಲಿ ಒಂದು ತಿಂಗಳು ಇದ್ದು, ಅವರ ಹಿತ್ತಲಿನ ಹೂಕುಂಡಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಇನ್ನೇನೂ ಕೆಲಸವಿಲ್ಲವೆಂದು ನಮ್ಮಲ್ಲಿಗೆ ಬಂದಿದ್ದರು. ಅವರು ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸರ್ವಿಸ್ ಪೂರ್ತಿ ಪಿ.ಟಿ. ಟೀಚರ್ ಆಗಿದ್ದವರು. ಅವರ ಕೈಕೆಳಗೆ ಓದಿದ ಹೆಂಗಸರು ಈಗಲೂ ಅವರು ಎದುರು ಬಂದರೆ ಚೀಲ ಎಡಗೈಗೆ ಬದಲಾಯಿಸಿಕೊಂಡು ನೆಟ್ಟಗೆ ನಿಲ್ಲುತ್ತಾರೆ. ಆದರೆ ಅವರಿಗೊಂದು ಕೊರಗಿತ್ತು. ಸ್ವಾತಂತ್ರ್ಯ ದಿನದ ಕವಾಯತು ಸ್ಪರ್ಧೆಯಲ್ಲಿ ಅವರ ಹುಡುಗಿಯರಿಗೆ ಒಂದು ಸಲವೂ ಮೊದಲ ಬಹುಮಾನ ಬರಲಿಲ್ಲ. ಯಾವಾಗಲೂ ಎರಡನೆಯದೇ. ನನ್ನ ಮದುವೆಯ ಮಾತುಕತೆಗೆ ಅವರ ಮನೆಗೆ ಹೋದಾಗ ಶೋಕೇಸಿನಲ್ಲಿ ಒಂದೇ ಅಳತೆಯ ಕಪ್ಪುಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮೇಲೂ 'ದ್ವಿತೀಯ'. ನಾನು ಅದನ್ನು ಗಟ್ಟಿಯಾಗಿ ಓದಿಬಿಟ್ಟೆ. ಆ ಸಂಬಂಧ ಆಮೇಲೂ ಮುಂದುವರಿದದ್ದು ಮಾವನವರ ಒಳ್ಳೆಯತನ.

ಮಾಡ್ಬರಿಗೆ ಬಂದ ಮೊದಲ ಭಾನುವಾರ ಅವರನ್ನೂ ಅಭ್ಯಾಸ ನೋಡಲು ಕರೆದುಕೊಂಡು ಹೋದೆವು. ಮಡಚುವ ಕುರ್ಚಿ ಹಾಕಿ, ಕಾಲ ಮೇಲೆ ಕಂಬಳಿ ಹೊದಿಸಿ, ಫ್ಲಾಸ್ಕಿನಲ್ಲಿ ಕಾಫಿ ಕೊಟ್ಟು ಕೂರಿಸಿದೆವು. ಹತ್ತು ನಿಮಿಷ ಸುಮ್ಮನೆ ನೋಡಿದರು. ನಮ್ಮ ಗುರಾಣಿ ಗೋಡೆ ಹೇಗಿತ್ತೆಂದರೆ, ಒಬ್ಬ ಫೋನ್ ನೋಡುತ್ತಿದ್ದ, ಒಬ್ಬ ಗುರಾಣಿಯ ಮೇಲೆ ಸ್ಯಾಂಡ್‌ವಿಚ್ ಇಟ್ಟುಕೊಂಡಿದ್ದ, ಮೂರು ಜನ ಫುಟ್‌ಬಾಲ್ ಬಗ್ಗೆ ವಾದಿಸುತ್ತಿದ್ದರು. ನಡುವೆ ಒಂದು ಕುರಿ ಕೂಡ ನಿಂತಿತ್ತು.

ಅತ್ತೆ ಕಾಫಿ ಲೋಟವನ್ನು ಕೆಳಗಿಟ್ಟದ್ದು ನನಗೆ ಕಾಣಿಸಿತು. ನನ್ನ ಹೆಂಡತಿ, "ಅಮ್ಮ, ಬೇಡ" ಎಂದಳು. ಅವರಾಗಲೇ ಎದ್ದಿದ್ದರು. ಬಿಸ್ಕತ್ತು ಬಣ್ಣದ ಸೀರೆ, ಬಿಳಿ ಕ್ಯಾನ್ವಾಸ್ ಶೂ, ಮೇಲೊಂದು ಸ್ವೆಟರ್. ಕತ್ತಿನಲ್ಲಿ ತಾಳಿಸರದ ಜೊತೆಗೆ ಒಂದು ವಿಷಲ್ ಇತ್ತು. ಅದನ್ನು ವಿಮಾನದಲ್ಲಿ ತಂದಿದ್ದಾರೆಂದು ನಮಗೆ ಗೊತ್ತೇ ಇರಲಿಲ್ಲ.

"ಸಾವಧಾನ್!"

ಅದು ಯಾವ ಭಾಷೆಯೆಂದು ಆ ಸ್ಯಾಕ್ಸನ್ನರಿಗೆ ತಿಳಿಯದು. ಆದರೂ ಮೂವತ್ತು ಜನ ನೆಟ್ಟಗಾದರು. ಸ್ಯಾಂಡ್‌ವಿಚ್ ಬಿತ್ತು. ಕುರಿ ಓಡಿಹೋಯಿತು. ನಾನು ಮೈಸೂರಿನಲ್ಲಿ ಓದಿದವನಾದ್ದರಿಂದ ನನ್ನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು.

"ಇದು ಗೋಡೆನಾ?" ಎಂದು ಅತ್ತೆ ನನ್ನನ್ನು ಕೇಳಿದರು. "ಹಲ್ಲು ಬಿದ್ದಿರೋ ಬಾಯಿ ಥರ ಇದೆ. ಇವ್ರಿಗೆ ಹೇಳಿ, ಎತ್ತರ ಇರೋರು ಆ ಕಡೆ, ಕುಳ್ಳಗಿರೋರು ಈ ಕಡೆ. ನೀವೂ ಈ ಕಡೆ."

ಅಲ್ಲಿಂದ ಶುರುವಾಯಿತು. ಅಧ್ಯಕ್ಷೆಗೆ ಸಂತೋಷವೋ ಸಂತೋಷ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಅತ್ತೆ ಸ್ಯಾಕ್ಸನ್ನರಿಗೆ ಕವಾಯತು ಮಾಡಿಸತೊಡಗಿದರು. ಏಕ್ ಎಂದರೆ ಗುರಾಣಿ ಎತ್ತಬೇಕು, ದೋ ಎಂದರೆ ಪಕ್ಕದವನ ಗುರಾಣಿಯ ಮೇಲೆ ಅಂಚು ಕೂರಿಸಬೇಕು, ತೀನ್ ಎಂದರೆ ಮಂಡಿ ಬಗ್ಗಿಸಬೇಕು. ತಡವಾಗಿ ಬಂದವರು ಬಯಲನ್ನು ಒಂದು ಸುತ್ತು ಓಡಬೇಕು. ಟೋ ಟ್ರಕ್ ಓಡಿಸುವ ಒಬ್ಬ ಧಡೂತಿ ಮನುಷ್ಯ, ಮೈತುಂಬ ಹಚ್ಚೆ ಹಾಕಿಸಿಕೊಂಡವನು, ಉಗುರು ಕತ್ತರಿಸಿಲ್ಲವೆಂದು ಬೈಸಿಕೊಂಡು ಮುಂದಿನ ವಾರ ಕತ್ತರಿಸಿಕೊಂಡು ಬಂದು, ಕೇಳದಿದ್ದರೂ ಎರಡು ಕೈಯನ್ನೂ ತೋರಿಸಿದ.

ನಾನು 'ಅತ್ತೆ' ಎನ್ನುವುದನ್ನು ಕೇಳಿ ಅದೇ ಅವರ ಹೆಸರೆಂದು ಎಲ್ಲರೂ ತಿಳಿದರು. ತ-ಕಾರ ಹೊರಳದೆ 'ಆಟೆ, ಆಟೆ' ಎನ್ನುತ್ತಿದ್ದರು. ಹೀಗೆ ಒಂದು ತಿಂಗಳಲ್ಲಿ ನಮ್ಮ ಅತ್ತೆಗೆ ಮೂವತ್ತು ಜನ ಅಳಿಯಂದಿರಾದರು. ಮಂಗಳೂರಿನ ಅಂಕಲ್ ಮಾತ್ರ 'ಟೀಚರ್' ಎಂದೇ ಕರೆಯುತ್ತಿದ್ದರು. ಅವರ ಊರಿನಲ್ಲಿ ಟೀಚರ್ ಎಂದರೆ ಟೀಚರೇ.

ಮನೆಯಲ್ಲೂ ಅತ್ತೆ ಬದಲಾದರು. ಪರ್ತ್‌ನಿಂದ ಬಂದಾಗ ಮಂಡಿ ನೋವೆಂದು ಮೆಟ್ಟಿಲು ಹತ್ತುವಾಗ ದೇವರನ್ನು ಕರೆಯುತ್ತಿದ್ದವರು, ಈಗ ಬೆಳಿಗ್ಗೆ ಎದ್ದು ಹಿತ್ತಲಿನಲ್ಲಿ ಟೊಮ್ಯಾಟೊ ಗೂಟಗಳನ್ನು ಸೈನಿಕರ ಹಾಗೆ ನಿಲ್ಲಿಸಿ ವ್ಯೂಹ ಯೋಚಿಸುತ್ತಿದ್ದರು. ಸೆಪ್ಟೆಂಬರ್ ಹೊತ್ತಿಗೆ ನಮ್ಮ ಗೋಡೆ ನಿಜವಾಗಿ ಗೋಡೆಯೇ ಆಗಿತ್ತು. ನಾರ್ಮನ್ನರು ಅಭ್ಯಾಸದಲ್ಲಿ ಬಂದು ಗುದ್ದಿದರೆ ಅವರಿಗೇ ನೋವಾಗುತ್ತಿತ್ತು.

ಈ ನಡುವೆ ಒಂದು ಶನಿವಾರ ಲೈಬ್ರರಿಯಲ್ಲಿ ಗುಂಪಿನವರು ಚೀಟಿ ಎತ್ತಿದರು. ರಾಜನಿಗೆ ಬಾಣ ಬಿಡುವ ಅವಕಾಶ ಬಿಲ್ಲುಗಾರರಲ್ಲಿ ವರ್ಷಕ್ಕೊಬ್ಬರಿಗೆ. ಚೀಟಿ ನನ್ನ ಮಗಳಿಗೆ ಬಂತು. ಆ ದಿನ ಕಾರಿನಲ್ಲಿ ಅವಳು ಮಾತು ನಿಲ್ಲಿಸಲೇ ಇಲ್ಲ. ಶಾಲೆಯಿಂದ ಬಂದವಳೇ ಗ್ಯಾರೇಜಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕಿ ಢಬ್ ಢಬ್ ಎಂದು ಹೊಡೆಯುತ್ತಿದ್ದಳು. ಕ್ಲಿಪ್ಪಿನ ಹುಡುಗಿಯೂ ಬರುತ್ತಿದ್ದಳು. ಒಳಗೆ ಅತ್ತೆ, "ಅದೇನು ಶಬ್ದ?" ಎಂದರೆ, ನಾವು "ಆಡ್ಕೊಳ್ತಿದ್ದಾಳೆ" ಎನ್ನುತ್ತಿದ್ದೆವು.

ಈಗ ಯೋಚಿಸಿದರೆ ತಪ್ಪು ನಮ್ಮದೇ. ಅತ್ತೆಗೆ ಯಾರೂ ಕಥೆಯ ಕೊನೆ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವ ಯುದ್ಧ, ಅವರಿಗೂ ಗೊತ್ತಿರುತ್ತದೆ ಎಂದುಕೊಂಡೆವು. ಅವರು ಪಿ.ಟಿ. ಟೀಚರ್, ಹಿಸ್ಟರಿ ಟೀಚರ್ ಅಲ್ಲ. ಗೋಡೆ ಬಿಟ್ಟು ಇಳಿಜಾರಿನಲ್ಲಿ ಓಡುವುದನ್ನು ಯಾರೂ ಅಭ್ಯಾಸ ಮಾಡುತ್ತಿರಲಿಲ್ಲ. ಓಡುವುದಕ್ಕೇನು ಅಭ್ಯಾಸ?

ಯುದ್ಧದ ದಿನ ಬಿಸಿಲು ಚೆನ್ನಾಗಿತ್ತು. ನೋಡಲು ಇನ್ನೂರು ಜನ ಬಂದಿದ್ದರು. ಒಂದು ಮೂಲೆಯಲ್ಲಿ ಸಾಸೇಜ್ ಸುಡುತ್ತಿದ್ದರು. ಅದರ ಪಕ್ಕದಲ್ಲಿ ನನ್ನ ಹೆಂಡತಿ ಚಿತ್ರಾನ್ನದ ಪಾತ್ರೆ ಇಟ್ಟುಕೊಂಡು ಕೂತಿದ್ದಳು. ಅಧ್ಯಕ್ಷೆ ಮೈಕ್ ಹಿಡಿದಿದ್ದರು. ಡ್ಯೂಕ್ ಪಾತ್ರದ ದಂತವೈದ್ಯರು ಕೆಳಗೆ ತಮ್ಮ ಕುದುರೆ ಸವಾರರ ಜೊತೆ ನಿಂತಿದ್ದರು. ನಿಜವಾದ ಕುದುರೆಗಳಿಗೆ ಅನುಮತಿ ಇಲ್ಲದ ಕಾರಣ, ಸೊಂಟಕ್ಕೆ ರಟ್ಟಿನ ಕುದುರೆ ಕಟ್ಟಿಕೊಂಡು ತಾವೇ ಕುಣಿಯುತ್ತ ಬರಬೇಕು.

"ನಮ್ಮ ಕೀಲುಕುದುರೆ!" ಎಂದು ಅತ್ತೆಗೆ ಖುಷಿಯಾಯಿತು. "ಆದ್ರೆ ಹೆಜ್ಜೆ ಸರಿ ಇಲ್ಲ."

ಅವರು ಸೀರೆಯ ಮೇಲೆ ಕಂದು ಕಂಬಳಿ ಹೊದ್ದು ಸ್ಯಾಕ್ಸನ್ ಹಳ್ಳಿಯ ಹೆಂಗಸಿನ ವೇಷದಲ್ಲಿ, ಗೋಡೆಯ ಹಿಂದೆ, ರಾಜನ ಪಕ್ಕದಲ್ಲಿ ನಿಂತಿದ್ದರು.

ಕೊಂಬು ಊದಿದರು. ನಾರ್ಮನ್ನರು ಬಂದು ಗುದ್ದಿದರು. ಗೋಡೆ ಅಲುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಎರಡನೇ ಸಲ ಬಂದರು, ಮತ್ತೆ ಅಲುಗಲಿಲ್ಲ. ಆಗ ಡ್ಯೂಕ್ ಸತ್ತನೆಂದು ವದಂತಿ ಹಬ್ಬಬೇಕು, ಅವನು ಶಿರಸ್ತ್ರಾಣ ಎತ್ತಿ ಮುಖ ತೋರಿಸಬೇಕು. ದಂತವೈದ್ಯರು ಎತ್ತಿದರು. ಮುಖ ಬೀಟ್‌ರೂಟಿನಂತಾಗಿತ್ತು. ಅವರು ಆ ಗಳಿಗೆಯಲ್ಲೇ ಜೇಬಿನಿಂದ ಆಸ್ತಮಾ ಪಂಪ್ ತೆಗೆದು ಎರಡು ಸಲ ಎಳೆದುಕೊಂಡದ್ದರಿಂದ, ಬದುಕಿದ್ದಾರೆಂದು ಯಾರಿಗೂ ಪೂರ್ತಿ ಧೈರ್ಯ ಬರಲಿಲ್ಲ.

ಆಮೇಲೆ ಬಂತು ಮುಖ್ಯ ಘಟ್ಟ. ನಾರ್ಮನ್ನರು "ಅಯ್ಯೋ" ಎಂದು ಕೂಗುತ್ತ ರಟ್ಟಿನ ಕುದುರೆಗಳನ್ನು ತಿರುಗಿಸಿಕೊಂಡು ಇಳಿಜಾರಿನಲ್ಲಿ ಓಡಿದರು. ನಾವೀಗ ಗೋಡೆ ಬಿಟ್ಟು ಅಟ್ಟಬೇಕು. ನಾನು ಒಂದು ಕಾಲು ಮುಂದಿಟ್ಟೆ.

ಹಿಂದಿನಿಂದ ವಿಷಲ್ ಬಂತು.

"ಯಾರೂ ಕದಲ್ಬೇಡಿ! ಸಾವಧಾನ್!"

ಮುಂದಿಟ್ಟ ಕಾಲು ಹಿಂದೆ ಬಂತು. ಪಕ್ಕದ ಟೋ ಟ್ರಕ್ಕಿನವನ ಕಾಲೂ ಬಂತು. ಕೆಳಗೆ ನಾರ್ಮನ್ನರು ಓಡಿ, ತಿರುಗಿ ನೋಡಿ, ಯಾರೂ ಬರದಿದ್ದುದನ್ನು ಕಂಡು, ಮತ್ತಷ್ಟು ದೂರ ಓಡಿದರು. ಆದರೂ ನಾವು ಬರಲಿಲ್ಲ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

ನಾನು ಕತ್ತು ತಿರುಗಿಸಿ ಪಿಸುಗುಟ್ಟಿದೆ. "ಅತ್ತೆ, ಈಗ ನಾವು ಓಡ್ಬೇಕು."

"ಯಾಕೆ?"

"ಕಥೆ ಹಾಗಿದೆ. ನಾವು ಓಡಿದ್ರೇನೇ ಸೋಲೋದು."

ಅತ್ತೆಯ ಮುಖ ನೋಡಬೇಕಿತ್ತು. "ಸೋಲೋದಾ? ಸೋಲೋಕೆ ಇಷ್ಟು ದಿನ ಪ್ರಾಕ್ಟೀಸ್ ಮಾಡಿಸ್ಕೊಂಡ್ರಾ ನನ್ನ ಕೈಲಿ?"

"ಹಾಗಲ್ಲ ಅತ್ತೆ, ಇದು ಹಿಸ್ಟರಿ..."

"ಯಾವ ಹಿಸ್ಟರಿನೋ ನಂಗೊತ್ತಿಲ್ಲ. ಅವ್ರ ಲೈನು ನೋಡಿ. ಲೈನೇ ಇಲ್ಲ. ಅವ್ರಿಗೆ ಫಸ್ಟ್ ಪ್ರೈಜು ಕೊಡ್ತಾರಂತೆ!"

ಆಗ ಶೋಕೇಸಿನ ಕಪ್ಪುಗಳು ನನ್ನ ಕಣ್ಣ ಮುಂದೆ ಬಂದವು. ಮುಂದೆ ತಿರುಗಿ ಗುರಾಣಿ ಎತ್ತಿಕೊಂಡೆ.

ನಾರ್ಮನ್ನರು ಮತ್ತೆ ಬಂದರು, ಮತ್ತೆ ಗುದ್ದಿದರು, ಮತ್ತೆ ಸೋತ ನಾಟಕ ಮಾಡಿ ಓಡಿದರು. ಈ ಸಲ ಅಯ್ಯೋ ಎನ್ನುವುದರಲ್ಲಿ ನಟನೆ ಕಮ್ಮಿಯಿತ್ತು. ಅಧ್ಯಕ್ಷೆ ಮೈಕಿನಲ್ಲಿ, ಇತಿಹಾಸಕಾರರಲ್ಲಿ ಈ ಯುದ್ಧದ ವಿವರಗಳ ಬಗ್ಗೆ ಭಿನ್ನಾಭಿಪ್ರಾಯವಿದೆ ಎಂದು ಹೇಳಿದರು. ಮೂರನೇ ಸಲ ಓಡಿದಾಗ ಇಬ್ಬರು ನಾರ್ಮನ್ನರು ಸಾಸೇಜ್ ಸಾಲಿನಲ್ಲಿ ನಿಂತುಬಿಟ್ಟರು. ಅಷ್ಟರಲ್ಲಿ ಪಕ್ಕದ ನೀಲಗಿರಿ ಮರದಿಂದ ಒಂದು ಮ್ಯಾಗ್‌ಪೈ ಹಕ್ಕಿ ಹಾರಿ ಬಂತು. ವರ್ಷದ ಆ ಕಾಲದಲ್ಲಿ ಅವು ಗೂಡು ಕಾಯುವುದಕ್ಕೆ ಯಾರ ತಲೆಯನ್ನಾದರೂ ಕುಕ್ಕುತ್ತವೆ. ಆಸ್ಟ್ರೇಲಿಯಾದಲ್ಲಿ ದೊಡ್ಡ ದೊಡ್ಡ ಗಂಡಸರು ಅದನ್ನು ಕಂಡು ಸೈಕಲ್ ಬಿಟ್ಟು ಓಡುವುದನ್ನು ನಾನು ನೋಡಿದ್ದೇನೆ. ಈಗ ಗೋಡೆ ಒಡೆಯುತ್ತದೆ ಎಂದುಕೊಂಡೆ. ಅತ್ತೆ "ಊಪರ್!" ಎಂದರು. ಮೂವತ್ತು ಗುರಾಣಿಗಳು ಒಂದೇ ಸಲ ತಲೆಯ ಮೇಲೆ ಹೋದವು. ಹಕ್ಕಿ ಪ್ಲೈವುಡ್ಡಿಗೆ ಟಕ್ ಎಂದು ಬಡಿದು, ಅವಮಾನವಾದಂತೆ ವಾಪಸ್ ಹೋಯಿತು. ಇನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತೂ ಅತ್ತೆ ನೆಟ್ಟಗೆ ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತೆಂದು ಅಂಕಲ್ ಆಮೇಲೆ ನನಗೆ ಹೇಳಿದರು.

ಅಂಕಲ್‌ಗೂ ತಾಳ್ಮೆ ಮುಗಿಯುತ್ತ ಬಂದಿತ್ತು. "ಟೀಚರ್" ಎಂದರು ಮೆಲ್ಲಗೆ, "ನನಗೆ ಸಾಯ್ಲಿಕ್ಕುಂಟಲ್ಲ. ಮೊಮ್ಮಕ್ಕಳು ನೋಡ್ಲಿಕ್ಕೆ ಬಂದಿದ್ದಾರೆ."

"ಸಾಯೋಕೇನು ಅರ್ಜೆಂಟು? ನಿಂತ್ಕೊಳ್ಳಿ."

"ನಿಂತು ನಿಂತು ಬೆನ್ನು ಹಿಡೀತು ಮಾರಾಯ್ರೆ. ಇಷ್ಟು ಹೊತ್ತು ಯಾವ ರಾಜನೂ ಬದುಕಿರ್ಲಿಲ್ಲ."

ಕೊನೆಗೆ ದಂತವೈದ್ಯರು ಕುದುರೆಯನ್ನು ಕಳಚಿ ಕಂಕುಳಲ್ಲಿ ಹಿಡಿದುಕೊಂಡು, ಬಿಳಿ ಟಿಶ್ಯೂ ಪೇಪರ್ ಬೀಸುತ್ತ ದಿಣ್ಣೆ ಹತ್ತಿ ಬಂದರು. ಗೋಡೆಯ ಆಚೆ ನಿಂತು ಬಹಳ ವಿನಯದಿಂದ, ಈ ಮಧ್ಯಾಹ್ನ ನಾಲ್ಕು ಗಂಟೆಗೆ ರೈತ ಕುರಿಗಳನ್ನು ವಾಪಸ್ ಬಯಲಿಗೆ ಬಿಡುತ್ತಾನೆ, ದಯವಿಟ್ಟು ಇಂಗ್ಲೆಂಡನ್ನು ಬಿಟ್ಟುಕೊಡಬಹುದೇ ಎಂದು ಕೇಳಿದರು. ನಾನು ಅದನ್ನು ಕನ್ನಡಕ್ಕೆ ಮಾಡಿ ಹೇಳಿದೆ. ಅತ್ತೆ ತಾವೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು.

"ನೋ ಪ್ರಾಕ್ಟೀಸ್, ನೋ ಪ್ರೈಜ್."

ಡ್ಯೂಕ್ ತಲೆ ತಗ್ಗಿಸಿಕೊಂಡು ಇಳಿದು ಹೋದರು. ಅವರು ಇಳಿಯುತ್ತಿದ್ದಂತೆ, ಕೆಳಗಿನಿಂದ ನನ್ನ ಮಗಳು ಹತ್ತಿ ಬರುವುದು ಕಾಣಿಸಿತು. ಒಂಟಿಯಾಗಿ ಬರುತ್ತಿದ್ದಳು. ತಲೆಗೆ ದೊಡ್ಡದಾದ ನಾರ್ಮನ್ ಟೋಪಿ ಕಣ್ಣಿನವರೆಗೂ ಇಳಿದಿತ್ತು. ಕೈಯಲ್ಲಿ ಬಿಲ್ಲು. ನೇರವಾಗಿ ಬಂದು ನನ್ನ ಗುರಾಣಿಯ ಎದುರಿಗೆ ನಿಂತಳು. ಕೆನ್ನೆ ಒದ್ದೆಯಾಗಿತ್ತು.

"ಅಪ್ಪಾ, ಮೂವ್."

ನಾನು ಸರಿಯಬೇಕಿತ್ತು. ಯಾವ ಅಪ್ಪನಾದರೂ ಸರಿಯುತ್ತಿದ್ದ. ಆದರೆ ಹಿಂದೆ ವಿಷಲ್ ಇತ್ತು. "ಅಜ್ಜಿನ ಕೇಳಮ್ಮ" ಎಂದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅವಳು ಮುಂಗಾಲಲ್ಲಿ ನಿಂತು ನನ್ನ ಗುರಾಣಿಯ ಮೇಲಿನಿಂದ ಕೂಗಿದಳು. "ಅಜ್ಜಿ! ಐ ಪ್ರಾಕ್ಟೀಸ್ಡ್ ಟೂ!"

ಅತ್ತೆ ಅವಳನ್ನು ನೋಡಿದರು. "ಏನು ಪ್ರಾಕ್ಟೀಸು?"

"ದಿ ಆ್ಯರೋ! ಐ ಗೆಟ್ ಒನ್ ಶಾಟ್. ಜಸ್ಟ್ ಒನ್. ಆ್ಯಂಡ್ ಯು ವೋಂಟ್ ಲೆಟ್ ದೆಮ್ ಲೂಸ್!"

ಅತ್ತೆ ನನ್ನ ಕಡೆ ತಿರುಗಿದರು. ನಾನು ಚೀಟಿಯ ಕಥೆ ಹೇಳಿದೆ. ಗೋಡೆ ಒಡೆಯದೆ ಅವಳು ಬಾಣ ಬಿಡುವ ಹಾಗಿಲ್ಲ, ರಾಜ ಹಿಂದೆ ಇರುತ್ತಾನೆ ಎಂದೆ.

"ದಿನಾ ಗ್ಯಾರೇಜ್ ಬಾಗ್ಲಿಗೆ ಢಬ್ ಢಬ್ ಅಂತಿದ್ದಿದ್ದು ಇದಕ್ಕಾ?"

"ಹೂಂ ಅತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?"

ಅತ್ತೆ ಒಂದು ಸಲ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದರು. ಒಂದು ಗುರಾಣಿಯೂ ಸಾಲು ತಪ್ಪಿರಲಿಲ್ಲ. ಮೊಮ್ಮಗಳನ್ನು ನೋಡಿ, "ಕಣ್ಣೊರೆಸ್ಕೋ. ಕಣ್ಣಲ್ಲಿ ನೀರಿಟ್ಕೊಂಡು ಗುರಿ ಹಿಡೀಬಾರ್ದು" ಎಂದರು. ಆಮೇಲೆ ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದರು.

"ವಿಶ್ರಾಮ್!"

ಇಂಗ್ಲೆಂಡಿನ ಹಳೆಯ ರಾಜವಂಶ ಅಲ್ಲಿಗೆ ಮುಗಿಯಿತು. ಮೂವತ್ತು ಸ್ಯಾಕ್ಸನ್ನರು ಗುರಾಣಿ ಕೆಳಗಿಟ್ಟು, ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿಕೊಂಡು ಆರಾಮಾಗಿ ನಿಂತರು. ಕೆಲವರು ನೀರು ಕುಡಿದರು. ವಿಚಿತ್ರವೆಂದರೆ ನಾರ್ಮನ್ನರು ಹತ್ತಿ ಬರಲಿಲ್ಲ. ಇದು ನಮ್ಮ ಮೋಸವೇ ಇರಬೇಕೆಂದು ಅವರಿಗೆ ಅನುಮಾನ. ಅತ್ತೆಯೇ ಗೋಡೆ ದಾಟಿ ಮುಂದೆ ಬಂದು, ಮದುವೆ ಮನೆಯಲ್ಲಿ ಪಂಕ್ತಿಗೆ ಕರೆಯುವವರ ಹಾಗೆ ಕೈ ಬೀಸಿ, "ಕಮ್, ಕಮ್! ಬನ್ನಿ, ಹೊಡೀರಿ!" ಎಂದು ಕರೆದ ಮೇಲೆ ಒಬ್ಬೊಬ್ಬರಾಗಿ ಬಂದರು. ಹೊಡೆಯುವ ಮೊದಲು 'ಸಾರಿ' ಎನ್ನುತ್ತಿದ್ದರು. ನನ್ನನ್ನು ಕೊಂದವನು ನನಗೆ ಮಲಗಲು ನೆರಳಿರುವ ಜಾಗವನ್ನೂ ತೋರಿಸಿದ.

ನಾನು ಸತ್ತು ಬಿದ್ದಲ್ಲಿಂದ ಒಂದು ಕಣ್ಣು ತೆರೆದು ನೋಡುತ್ತಿದ್ದೆ. ಮಗಳು ಇಪ್ಪತ್ತು ಹೆಜ್ಜೆ ದೂರ ನಿಂತು, ಟೋಪಿ ಹಿಂದೆ ಸರಿಸಿ, ಬಾಣ ಹೂಡಿದಳು. ಅತ್ತೆ ಅವಳ ಹಿಂದೆ ನಿಂತು, "ಮೊಣಕೈ ಮೇಲೆ... ಹಾಂ, ಉಸಿರು ಬಿಡ್ಬೇಡ" ಎನ್ನುತ್ತಿದ್ದರು. ತನ್ನ ರಾಜನನ್ನು ಕೊಲ್ಲಲು ತಾನೇ ಹೇಳಿಕೊಡುತ್ತಿದ್ದ ಸ್ಯಾಕ್ಸನ್ ಹೆಂಗಸು ಆ ಯುದ್ಧದಲ್ಲಿ ಅವರೊಬ್ಬರೇ. ಬಾಣ ಹೋಗಿ ಅಂಕಲ್‌ರ ಹೊಟ್ಟೆಯ ನಟ್ಟ ನಡುವೆ ಬಡಿದು, ಪುಟಿದು, ಹುಲ್ಲಿಗೆ ಬಿತ್ತು.

ಅಂಕಲ್ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡರು. ಜನ ಹೋ ಎಂದರು. ಅವರು ಅರ್ಧ ಬಾಣ ಸಿಕ್ಕಿಸಿಕೊಂಡು ಮೇಲೆ ನೋಡಿದರು, ಕೆಳಗೆ ನೋಡಿದರು, ಮಂಡಿಯೂರಿದರು, ಎದ್ದರು, ಕತ್ತಿಯನ್ನು ಬೀಸಿದರು, ಮತ್ತೆ ಮಂಡಿಯೂರಿದರು. ಅಷ್ಟು ಹೊತ್ತು ಕಾದಿದ್ದ ಸಾವು, ಸುಮ್ಮನೆ ಬಿಡುತ್ತಾರೆಯೇ? ಕೊಂಕಣಿಯಲ್ಲಿ ಒಂದು ಪ್ರಾರ್ಥನೆಯನ್ನೂ ಹೇಳಿದರು. ಎಂಟು ನಿಮಿಷವಾಯಿತು. ದೂರದಲ್ಲಿ ರೈತನ ನಾಯಿ ಬೊಗಳುವುದು ಕೇಳಿಸುತ್ತಿತ್ತು.

"ಟೀಚರ್, ನಾನು ಹೋಗ್ತೇನೆ" ಎಂದರು ಕೊನೆಗೆ, ನೆಲದಿಂದ.

"ಬೇಗ ಹೋಗಿ. ಕುರಿ ಬಂದ್ವು."

ನಿಜಕ್ಕೂ ಬಂದಿದ್ದವು. ರಾಜ ಕೊನೆಯುಸಿರೆಳೆದಾಗ ಅವರ ಸುತ್ತ ಹತ್ತಾರು ಕುರಿಗಳು ನಿಂತಿದ್ದವು. ಒಂದು ಅವರ ಗಡ್ಡವನ್ನು ಮೂಸುತ್ತಿತ್ತು. ಅವರು ಕಣ್ಣು ಬಿಡಲಿಲ್ಲ. ಅಂಥ ಕಲಾವಿದ ಅವರು.

ಕಾರಿನಲ್ಲಿ ಮನೆಗೆ ಬರುವಾಗ ಅತ್ತೆ ಮೊಮ್ಮಗಳ ಪಕ್ಕ ಹಿಂದಿನ ಸೀಟಿನಲ್ಲಿ ಕೂತು ಯುದ್ಧದ ಪೂರ್ತಿ ಕಥೆ ಹೇಳಿಸಿಕೊಂಡರು. ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಅವರು ಕನ್ನಡದಲ್ಲಿ ಪ್ರಶ್ನೆ ಕೇಳಿದರು. ಎಲ್ಲ ಕೇಳಿ ಮುಗಿದ ಮೇಲೆ ಅತ್ತೆ, "ತಪ್ಪು ಸೈನಿಕರದ್ದಲ್ಲ. ಆ ರಾಜ ಅವ್ರಿಗೆ ಡ್ರಿಲ್ ಮಾಡ್ಸಿರ್ಲಿಲ್ಲ" ಎಂದು ತೀರ್ಪು ಕೊಟ್ಟರು. ಮಗಳು, "ಹಿ ಡಿಡಂಟ್ ಹ್ಯಾವ್ ಯು, ಅಜ್ಜಿ" ಎಂದಳು. ಅತ್ತೆ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ವಿಷಲ್ ಒರೆಸತೊಡಗಿದರು. ನಾನು ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದುದನ್ನು ಕಂಡು ನನ್ನ ಹೆಂಡತಿ ತೊಡೆ ಚಿವುಟಿ ರಸ್ತೆ ನೋಡಿಕೊಂಡು ಓಡಿಸಿ ಎಂದಳು.

ಗುಂಪಿನವರಿಗೆ ಕೋಪವೇನೂ ಬರಲಿಲ್ಲ. ಅಷ್ಟು ಚಪ್ಪಾಳೆ ಯಾವ ವರ್ಷವೂ ಬಿದ್ದಿರಲಿಲ್ಲವಂತೆ. ಮುಂದಿನ ಶನಿವಾರ ದಂತವೈದ್ಯರು ಹೆಂಡತಿಯ ಜೊತೆ ನಮ್ಮ ಮನೆಗೇ ಬಂದರು. ದೋಸೆ ತಿಂದರು. ಆಟೆ, ನಮಗೆ ಪ್ರಾಕ್ಟೀಸ್ ಇಲ್ಲ ಎಂದಿರಲ್ಲ, ನಾವು ಓಡುವುದರಲ್ಲಿ ಏನು ತಪ್ಪು ಹೇಳಿ ಎಂದು ಕೇಳಿದರು. ಅತ್ತೆ ಎರಡನೇ ದೋಸೆ ಹಾಕುತ್ತ, ಒಂದೊಂದಾಗಿ ಹೇಳಿದರು. ಹನ್ನೊಂದು ತಪ್ಪುಗಳಿದ್ದವು. ಅವರು ಫೋನಿನಲ್ಲಿ ಬರೆದುಕೊಂಡರು.

ನವೆಂಬರ್‌ನಲ್ಲಿ ವೀಸಾ ಮುಗಿದು ಅತ್ತೆ ಮೈಸೂರಿಗೆ ಹೋದರು. ಈಗ ಅಭ್ಯಾಸದ ಭಾನುವಾರಗಳಲ್ಲಿ ನಾನು ಫೋನನ್ನು ಬೇಲಿಯ ಕಂಬಕ್ಕೆ ಕಟ್ಟುತ್ತೇನೆ. ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಅತ್ತೆ ಲೋಟ ಹಿಡಿದುಕೊಂಡು ವಿಡಿಯೋದಲ್ಲಿ ನಾರ್ಮನ್ನರಿಗೆ ಸೋತು ಓಡುವುದನ್ನು ಕಲಿಸುತ್ತಾರೆ. "ಓಡೋದಕ್ಕೂ ಒಂದು ಕ್ರಮ ಇದೆ. ಭಯ ಮುಖದಲ್ಲಿರ್ಬೇಕು, ಕಾಲಲ್ಲಲ್ಲ. ಏಕ್, ದೋ! ಏಕ್, ದೋ!"

ಕಳೆದ ವಾರ ಗಾಳಿ ಜೋರಾಗಿ ಫೋನು ಕಂಬದಿಂದ ಕಳಚಿ ಹುಲ್ಲಿಗೆ ಬಿತ್ತು. ಅತ್ತೆಗೆ ಬರೀ ಆಕಾಶ ಕಾಣುತ್ತಿತ್ತು. ಅವರು ಅದಕ್ಕೇ ಬೈಯುತ್ತ ಎಣಿಸುವುದನ್ನು ಮುಂದುವರಿಸಿದರು. ನಿಲ್ಲಿ ಎನ್ನುವವರು ಯಾರೂ ಇಲ್ಲದ ಕಾರಣ ನಾರ್ಮನ್ನರು ಸಾಲು ಕೆಡದಂತೆ ಓಡುತ್ತಲೇ ಇದ್ದರು. ಅವರನ್ನು ಕರೆದುಕೊಂಡು ಬರಲು ನಾನೂ ಅಂಕಲ್ಲೂ ಕಾರು ತೆಗೆಯಬೇಕಾಯಿತು.